ಮಾನಸಿಕ ಅಸ್ವಸ್ಥ ಕೈದಿಗಳ ಮೇಲ್ಮನವಿ ಹಕ್ಕಿನ ಬಗ್ಗೆ ಮನವಿ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಯವರು,
ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಬೆಂಗಳೂರು

ವಿಷಯ: ಮನೋರೋಗವಿರುವ ಸಜಾ ಕೈದಿಗಳಿಗೆ ಮೇಲ್ಮನವಿಯ ಅವಕಾಶ ತಪ್ಪದಂತೆ ಕ್ರಮ ಕೈಗೊಳ್ಳುವ ಕುರಿತು.

ಮಾನ್ಯರೇ,

ಜಮೀನಿನ ದಾವೆ ಹೂಡಬೇಕಾದವನ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಿದ್ದರೆ 1963ರ ಕಾಲಮಿತಿ ಕಾಯ್ದೆಯ 6ನೇ ಕಲಂ ಅವನಿಗಾಗಿ ಕಾಯುತ್ತದೆ. ಅವನೇ ಜೀವಾವಧಿ ಶಿಕ್ಷೆಗೆ ಗುರಿಯಾಗಿ ಹೈಕೋರ್ಟಿಗೆ ಹೋಗಬೇಕಾದರೆ ಆ ಕಲಂ ನೆರವಿಗೆ ಬಾರದು. ಅದೇನಿದ್ದರೂ ದಾವೆಗೆ, ಡಿಕ್ರಿ ಅಮಲ್ಜಾರಿ ಅರ್ಜಿಗೆ. ಮೇಲ್ಮನವಿಗಿರುವುದು 60 ದಿನ, ಮರಣದಂಡನೆಯಾದರೆ 30. ಆಸ್ತಿಗೆ ತೋರಿದ ಕರುಣೆಯನ್ನು ಮನುಷ್ಯನ ಸ್ವಾತಂತ್ರ್ಯಕ್ಕೆ ತೋರದಿರುವುದು ಅನ್ಯಾಯವೆಂದು ಅರ್ಜಿದಾರರು ಭಾವಿಸುತ್ತಾರೆ.

ವಿಳಂಬ ಮನ್ನಾ ಕೋರಲು ಅದೇ ಕಾಯ್ದೆಯ 5ನೇ ಕಲಂ ಇದೆ, ನಿಜ. ಕೋರುವವರು ಯಾರು? ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದರೆ ಜೀವ ಹೋಗುತ್ತದೆಂದು ಕಿವಿಯಲ್ಲಿ ಯಾರೋ ಹೇಳುತ್ತಿರುವುದಾಗಿ ನಂಬಿದ ಕೈದಿ ಕೈ ಹಿಂದೆಳೆದುಕೊಂಡರೆ, ‘ಮೇಲ್ಮನವಿ ಬೇಡವೆಂದಿದ್ದಾನೆ’ ಎಂಬ ಒಂದು ಸಾಲು ಕಡತ ಸೇರುತ್ತದೆ. ಅಲ್ಲಿಗೆ ಬಾಗಿಲು ಮುಚ್ಚಿತು.

ಇದು ಬೆರಳೆಣಿಕೆಯ ಜನರ ಸಂಕಟವಲ್ಲ. ಪರಪ್ಪನ ಅಗ್ರಹಾರ ಜೈಲಿನ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ ನಿಮ್ಹಾನ್ಸ್ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಸನವನ್ನು ಬದಿಗಿಟ್ಟರೂ ಶೇ 27.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿತ್ತು.

ಕಾಯಿಲೆಯ ವಿಚಾರ ಕಟಕಟೆ ತಲುಪಿದರೆ ಎಷ್ಟು ವ್ಯತ್ಯಾಸವಾದೀತು ಎಂಬುದನ್ನು ಮಹಾರಾಷ್ಟ್ರದ ಒಂದು ಪ್ರಕರಣ ತೋರಿಸಿದೆ. ಶಿಕ್ಷೆಯ ನಂತರ ತೀವ್ರ ಮನೋರೋಗಕ್ಕೆ ತುತ್ತಾದ ಆ ಕೈದಿಯ ಪುನರ್ಪರಿಶೀಲನಾ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಗಲ್ಲುಶಿಕ್ಷೆಯನ್ನು ಬದುಕಿರುವವರೆಗಿನ ಸೆರೆವಾಸಕ್ಕೆ ಇಳಿಸಿತು. ಅವನ ಹೆಸರನ್ನೂ ತೀರ್ಪಿನಲ್ಲಿ ಮರೆಮಾಚಿತು. ಅವನ ಪರವಾಗಿ ಆ ಮಾತೆತ್ತಲು ವಕೀಲರಿದ್ದರು.

ಆದ್ದರಿಂದ ಅರ್ಜಿದಾರರು ಕೋರುವುದಿಷ್ಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಪ್ರಕಾರ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪುನರ್ವಿಮರ್ಶಾ ಮಂಡಳಿಗೆ ವರದಿ ಕೊಡಬೇಕು. ಅದೇ ಹೊತ್ತಿಗೆ, ಕಾಯಿಲೆಯ ವಿವರ ಬಯಲಾಗದಂತೆ, ನೆರವು ಬೇಕಿರುವ ಕೈದಿಗಳ ಪಟ್ಟಿ ಜಿಲ್ಲಾ ಪ್ರಾಧಿಕಾರಕ್ಕೂ ಬರಲಿ. ಮೇಲ್ಮನವಿ ನಿರಾಕರಿಸಿದ ಕೈದಿಯನ್ನು ಮನೋವೈದ್ಯರು ನೋಡದ ಹೊರತು ಆ ನಿರಾಕರಣೆಯನ್ನು ಒಪ್ಪಬಾರದು. ಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ, ಮನೆಯವರ ಮತ್ತು ಪ್ಯಾನಲ್ ವಕೀಲರ ಎದುರು ಮತ್ತೊಮ್ಮೆ ಕೇಳಬೇಕು. ವೈದ್ಯಕೀಯ ದಾಖಲೆ ಸಹಿತ ವಿಳಂಬ ಮನ್ನಾ ಅರ್ಜಿಯನ್ನು ವಕೀಲರೇ ಸಿದ್ಧಪಡಿಸಲಿ. ಅಭಿಪ್ರಾಯಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಈಗಾಗಲೇ ಹೇಳಿರುವುದರಿಂದ, ಇವುಗಳಿಗೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.

ಕಾಲಮಿತಿ ಕಾಯ್ದೆಯ 6ನೇ ಕಲಮನ್ನು ಕ್ರಿಮಿನಲ್ ಮೇಲ್ಮನವಿಗೂ ವಿಸ್ತರಿಸಲು ಸಂಸತ್ತೇ ಮುಂದಾಗಬೇಕು. ಅದಕ್ಕೆ ಪ್ರಾಧಿಕಾರ ಲಿಖಿತ ಶಿಫಾರಸು ಕಳುಹಿಸಿ, ಪ್ರತಿಯನ್ನು ಅರ್ಜಿದಾರರಿಗೂ ನೀಡಬೇಕೆಂದು ವಿನಂತಿ.


ಅರ್ಜಿದಾರರು