ಲಜ್ಜೆಯೂ ಚಿಕಿತ್ಸೆಯೂ

ಮನೆಮಂದಿಯೆಲ್ಲ ಓದತಕ್ಕ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಎತ್ತಬಹುದೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಮನೆಮಂದಿಯೆಲ್ಲ ಓದುವರೆಂಬ ಕಾರಣದಿಂದಲೇ ಎತ್ತಬೇಕೆಂಬುದು ನಮ್ಮ ಅಭಿಪ್ರಾಯ. ಗುಹ್ಯಾಂಗದ ತುರಿಕೆಯು ಬಡವ ಬಲ್ಲಿದ, ಸ್ತ್ರೀ ಪುರುಷ, ಬಾಲೆ ವೃದ್ಧೆ ಎಂಬ ಭೇದವೆಣಿಸದೆ ಬರುವ ಬಾಧೆ. ತಲೆನೋವೆಂದರೆ ನೆರೆಹೊರೆಯವರೆಲ್ಲ ಮದ್ದು ಹೇಳುತ್ತಾರೆ. ಈ ಬಾಧೆಯನ್ನಾದರೋ ಮಡದಿಯು ಗಂಡನಿಗೆ ಹೇಳಳು, ಮಗಳು ತಾಯಿಗೆ ಹೇಳಳು. ರೋಗಿಯು ವೈದ್ಯನ ಇದಿರಿನಲ್ಲಿ ಕುಳಿತೂ ‘ಸ್ವಲ್ಪ ಸುಸ್ತು’ ಎಂದಷ್ಟೇ ಹೇಳಿ ಎದ್ದುಬರುತ್ತಾನೆ.

ಗುಬ್ಬಿಯ ತೆಂಗಿನ ತೋಟದ ಒಡೆಯನನ್ನಾಗಲಿ, ಕುಣಿಗಲ್ಲಿನ ದೊಡ್ಡಕೆರೆಯ ಕೆಳಗಿನ ಒಕ್ಕಲಿನವನನ್ನಾಗಲಿ ನೋಡಿರಿ. ಹಸುವಿಗೆ ಗರ್ಭ ನಿಲ್ಲದಿದ್ದರೆ ಕೊಟ್ಟಿಗೆಯ ಮುಂದೆ ನಿಂತು ಪಶುವೈದ್ಯನೊಡನೆ ಹತ್ತು ಜನ ಕೇಳುವಂತೆ ಮಾತನಾಡುತ್ತಾನೆ. ಕುಣಿಗಲ್ಲು ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಅಲ್ಲಿ ಹೆಣ್ಣುಕುದುರೆಯ ಅಂಗಾಂಗಗಳ ಕ್ಷೇಮವನ್ನು ವಿಚಾರಿಸುವುದು ನಾಚಿಕೆಯ ಮಾತೆಂದು ಯಾರೂ ಎಣಿಸಿದ್ದಿಲ್ಲ. ಪಶುವಿಗೆ ಸಲ್ಲುವ ವಿವೇಕವು ಮನೆಯ ಹೆಣ್ಣುಮಗಳಿಗೆ ಸಲ್ಲದಿದ್ದರೆ ಅದಕ್ಕೆ ಲಜ್ಜೆಯೆಂಬ ಒಳ್ಳೆಯ ಹೆಸರನ್ನು ಕೊಡುವುದು ಹೇಗೆ?

ಮೌನದಿಂದ ರೋಗವು ವಾಸಿಯಾಗುವುದಿಲ್ಲ. ರೋಗಿಯು ಅಡ್ಡದಾರಿ ಹಿಡಿಯುತ್ತಾನೆ, ಅಷ್ಟೆ. ತನ್ನೂರಿನಲ್ಲಿ ಕೇಳಲು ನಾಚಿದವನು ತುಮಕೂರಿನಲ್ಲಿ ಬಸ್ಸಿಳಿದು, ಗುರುತಿಲ್ಲದ ಔಷಧದಂಗಡಿಗೆ ಹೋಗಿ, ‘ತುರಿಕೆಗೆ ಒಂದು ಮುಲಾಮು ಕೊಡಿ’ ಎನ್ನುತ್ತಾನೆ. ಹೀಗೆ ಕೈಗೆ ಬರುವ ಮುಲಾಮಿನಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಎಂಬ ತೀಕ್ಷ್ಣ ದ್ರವ್ಯವು ಬೆರೆತಿರುತ್ತದೆ. ಹಚ್ಚಿದ ಎರಡು ದಿನಗಳಲ್ಲಿ ತುರಿಕೆಯು ಅಡಗುತ್ತದೆ. ಹುಳುಕಡ್ಡಿಯು ಮಾತ್ರ ಒಳಗೊಳಗೇ ಬೆಳೆದು ತೊಡೆಸಂದಿನಿಂದ ಸೊಂಟಕ್ಕೂ ಪೃಷ್ಠಕ್ಕೂ ಹಬ್ಬುತ್ತದೆ. ಚರ್ಮವು ತೆಳುವಾಗಿ ಅಳಿಸಲಾಗದ ಗೀರುಗಳು ಮೂಡುತ್ತವೆ. ಇಂತಹ ಮುಲಾಮುಗಳ ದುರುಪಯೋಗದಿಂದ ಹುಳುಕಡ್ಡಿಯು ದೇಶದಾದ್ಯಂತ ಹಠಮಾರಿಯಾಗಿದೆಯೆಂದು ಚರ್ಮವೈದ್ಯರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. ಕೇಂದ್ರ ಸರ್ಕಾರವು 2018ನೆಯ ಮಾರ್ಚ್ ತಿಂಗಳಲ್ಲಿ 14 ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಆದರೆ ಕೇಳುವವನು ಚೀಟಿಯಿಲ್ಲದೆ ಕೇಳುವವರೆಗೂ ನಿಯಮದ ಬಲವೆಷ್ಟು?

ತುರಿಕೆಯು ಒಂದೇ ರೋಗವಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ಮೊಸರಿನ ಗರಣೆಯಂತಹ ಬಿಳಿಸೆರಗಿನೊಡನೆ ಸ್ತ್ರೀಯರಿಗೆ ಬರುವ ತುರಿಕೆಗೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಬೂಷ್ಟಿನ ಜಾತಿಯ ಜೀವಿಯು ಕಾರಣ. ನಾಲ್ವರು ಸ್ತ್ರೀಯರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ತಗಲುವುದುಂಟು. ಹಳದಿ ಅಥವಾ ಹಸುರು ಛಾಯೆಯ, ನೊರೆಗೂಡಿದ, ದುರ್ಗಂಧದ ಸ್ರಾವವು ಬೇರೊಂದು ಸೋಂಕಿನ ಗುರುತು. ರಾತ್ರಿಯ ಹೊತ್ತು ತುರಿಕೆ ಹೆಚ್ಚಿ, ಬೆರಳ ಸಂದುಗಳಲ್ಲಿಯೂ ಗುಳ್ಳೆಗಳೆದ್ದು, ಮನೆಯ ಇತರರಿಗೂ ಹತ್ತಿದ್ದರೆ ಕಜ್ಜಿಯೆಂದು ಶಂಕಿಸಬೇಕು. ಆಗ ಮನೆಯವರೆಲ್ಲರಿಗೂ ಒಂದೇ ದಿನ ಔಷಧ ಹಚ್ಚಿದ ಹೊರತು ಅದು ತೊಲಗದು. ಮುಟ್ಟು ನಿಂತ ಸ್ತ್ರೀಯರಿಗೆ ಚರ್ಮವು ಒಣಗುವುದರಿಂದಲೂ, ಕೆಲವರಿಗೆ ಸೋಪಿನಿಂದಲೋ ಮುಟ್ಟಿನ ಪ್ಯಾಡಿನಿಂದಲೋ ತುರಿಕೆಯುಂಟಾಗುತ್ತದೆ. ಮಧುಮೇಹವೂ ಎಷ್ಟೋ ವೇಳೆ ತನ್ನ ಬರವನ್ನು ಹೀಗೆಯೇ ಸಾರುತ್ತದೆ. ಮುಂದೊಗಲು ಕೆಂಪೇರಿ ಬಿರಿಯುವ ಪುರುಷನೂ, ತುರಿಕೆಯು ಮರಮರಳಿ ಬರುವ ಸ್ತ್ರೀಯೂ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಇಷ್ಟು ಬಗೆಯ ಕಾರಣಗಳಿಗೆ ಅಂಗಡಿಯವನ ಒಂದೇ ಮುಲಾಮು ಮದ್ದಾಗುವುದೆಂತು?

ಹಾಗಾದರೆ ವೈದ್ಯರ ಬಳಿಗೆ ಹೋಗುವುದು ಯಾವಾಗ? ಬೆವರಿನಿಂದಲೋ ಹೊಸ ಸೋಪಿನಿಂದಲೋ ಆದ ಅಲ್ಪ ತುರಿಕೆಯು, ಸೋಪನ್ನು ಬಿಟ್ಟು, ಬರಿಯ ನೀರಿನಿಂದ ತೊಳೆದು, ಒಣಗಿದ ಸಡಿಲ ಹತ್ತಿಯ ಬಟ್ಟೆಯನ್ನುಟ್ಟರೆ ಕೆಲವೇ ದಿನಗಳಲ್ಲಿ ಇಳಿಯಬೇಕು. ವಾರವಾದರೂ ಇಳಿಯದಿದ್ದರೆ, ಅಥವಾ ಇಳಿದದ್ದು ವರ್ಷದಲ್ಲಿ ಮೂರು ನಾಲ್ಕು ಬಾರಿ ಮರಳಿದರೆ ತಡಮಾಡಬಾರದು. ಹುಣ್ಣು, ನೀರ್ಗುಳ್ಳೆ, ಕೀವು, ದುರ್ಗಂಧದ ಸ್ರಾವ, ಮೂತ್ರದ ಉರಿ, ಕಿಬ್ಬೊಟ್ಟೆಯ ನೋವು, ಜ್ವರ ಇವುಗಳಲ್ಲಿ ಒಂದು ಕಂಡರೂ ವಾರವನ್ನು ಕಾಯತಕ್ಕದ್ದಲ್ಲ. ಗರ್ಭಿಣಿಯರೂ ಮಧುಮೇಹಿಗಳೂ ಮೊದಲೇ ತೋರಿಸಿಕೊಳ್ಳಬೇಕು; ಮಕ್ಕಳಿಗೆ ಬಂದರೂ ಹಾಗೆಯೇ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಭೋಗಾನಂತರ ರಕ್ತ ಕಂಡರೆ, ಚರ್ಮವು ಬೆಳ್ಳಗೆ ಮಚ್ಚೆಗಟ್ಟಿ ಗಡುಸಾದರೆ ಉಪೇಕ್ಷೆಯು ಪ್ರಾಣಕ್ಕೇ ಮುಳುವಾಗಬಹುದು. ಕ್ರಿಮಿನಾಶಕ ದ್ರಾವಣಗಳಿಂದ ಒಳಭಾಗವನ್ನು ತೊಳೆಯುವ ಅಭ್ಯಾಸವು ಶುಚಿಯೆಂದು ತೋರಿದರೂ, ಅಲ್ಲಿ ಸಹಜವಾಗಿರತಕ್ಕ ರಕ್ಷಣೆಯನ್ನು ಕೆಡಿಸುತ್ತದೆ.

ಈ ವ್ಯಾಧಿಯನ್ನು ಶೀಲಕ್ಕೆ ಕಟ್ಟುವ ಭ್ರಮೆಯೂ ತೊಲಗಬೇಕು. ಮೇಲೆ ಹೇಳಿದ ಕಾರಣಗಳಲ್ಲಿ ಬಹುಪಾಲಿಗೆ ಸಹವಾಸದೋಷದ ಸಂಬಂಧವೇ ಇಲ್ಲ. ಸಂಭೋಗದಿಂದ ಹರಡುವ ಸೋಂಕೇ ಆಗಿದ್ದರೂ ವೈದ್ಯನಿಗೆ ಬೇಕಾದದ್ದು ಔಷಧದ ನಿರ್ಣಯವೇ ಹೊರತು ಚಾರಿತ್ರ್ಯದ ವಿಚಾರಣೆಯಲ್ಲ. ಅಂತಹ ಸೋಂಕಿನಲ್ಲಿ ಹೆಂಡತಿಯೊಬ್ಬಳೇ ಔಷಧ ಸೇವಿಸಿ ಗಂಡನು ದೂರ ನಿಂತರೆ, ಗುಣವಾದ ರೋಗವು ಅವನಿಂದಲೇ ಮತ್ತೆ ಅವಳಿಗೆ ಬರುತ್ತದೆ. ಪುನಃ ಪುನಃ ‘ರೋಗಿಷ್ಠೆ’ ಎನಿಸಿಕೊಳ್ಳುವವಳು ಅವಳು; ಪರೀಕ್ಷೆಗೆ ಒಪ್ಪದವನು ಅವನು! ಗೃಹಸ್ಥರು ಇದನ್ನು ಆತ್ಮಸಾಕ್ಷಿಯಿಂದ ಯೋಚಿಸಲಿ.

ಇಂತಹ ಮಾತು ನಮ್ಮ ನಾಡಿಗೆ ಹೊಸತೂ ಅಲ್ಲ. ತುಮಕೂರು ಸೀಮೆಯು ಸೇರಿದ್ದ ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಿತ್ತಿತು. ಆ ಕಾಲಕ್ಕೆ ಜಗತ್ತಿನ ಅನೇಕ ಸರ್ಕಾರಗಳು ಈ ಮಾತನ್ನೆತ್ತಲೂ ಅಂಜುತ್ತಿದ್ದವು. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನರು ‘ದಾಂಪತ್ಯ ದೀಪಿಕೆ’ಯಂತಹ ಗ್ರಂಥಗಳಲ್ಲಿ ದೇಹದ ವಿಷಯವನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು. ಆ ಪರಂಪರೆಯ ವಾರಸುದಾರರು ಈಗ ಬಾಯಿಗೆ ಬೀಗ ಹಾಕಿಕೊಳ್ಳುವುದು ಶೋಭಿಸದು.

ಆಡಳಿತದವರ ಹೊಣೆಯೂ ಇಲ್ಲಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಅಂಗವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ಗಳನ್ನು ಏರ್ಪಡಿಸಿ, ಇಂತಹ ಸೋಂಕುಗಳಿಗೆ ಉಚಿತವಾಗಿ ಸಲಹೆಯನ್ನೂ ಔಷಧವನ್ನೂ ಕೊಡುವ ಕ್ರಮವಿದೆ. ಕ್ರಮವು ಸ್ತುತ್ಯವೇ ಸರಿ. ಆದರೆ ಏಡ್ಸ್ ಎಂಬ ಶಬ್ದದ ನೆರಳು ಬಿದ್ದ ಬಾಗಿಲನ್ನು ಹಳ್ಳಿಯ ಹೆಣ್ಣುಮಗಳು ಹತ್ತು ಜನರ ಕಣ್ಣೆದುರು ಹೇಗೆ ದಾಟಿಯಾಳು? ಗುಬ್ಬಿ, ಕುಣಿಗಲ್ಲುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮಹಿಳಾ ವೈದ್ಯರು ದೊರೆಯುವ ದಿನವನ್ನೂ ವೇಳೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಲಿ, ಪರೀಕ್ಷೆಯ ಕೊಠಡಿಗೆ ಮುಚ್ಚುವ ಬಾಗಿಲಿರಲಿ, ‘ಏನು ಕಾಯಿಲೆ?’ ಎಂದು ಸಾಲಿನಲ್ಲಿ ನಿಂತವರ ಮುಂದೆ ಕೂಗಿ ಕೇಳುವ ಪದ್ಧತಿಯು ಎಲ್ಲಿದ್ದರೂ ನಿಲ್ಲಲಿ. ಮನೆಯಂಗಳದವರೆಗೂ ಹೋಗುವ ಆಶಾ ಕಾರ್ಯಕರ್ತೆಯರು ಬಾಣಂತಿಯನ್ನು ವಿಚಾರಿಸುವಂತೆಯೇ ಇದನ್ನೂ ಒಂದು ಮಾತು ವಿಚಾರಿಸಲಿ.

ಲಜ್ಜೆಯು ನಮ್ಮವರ ಭೂಷಣವೆಂದು ಹಿರಿಯರು ಹೇಳಿದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಭೂಷಣವು ಮೈಯನ್ನು ಗಾಯಗೊಳಿಸುವಾಗ ಅದನ್ನು ಕ್ಷಣಕಾಲ ತೆಗೆದಿಟ್ಟು ಮದ್ದು ಹಚ್ಚಿಸಿಕೊಳ್ಳುವುದು ಜಾಣತನ. ಈ ಲೇಖನವನ್ನು ಓದಿದ ಒಬ್ಬ ತಾಯಿಯಾದರೂ ಇಂದು ತನ್ನ ಮಗಳನ್ನು ಹತ್ತಿರ ಕೂರಿಸಿಕೊಂಡು, ‘ಏನಮ್ಮಾ, ಅಲ್ಲೇನಾದರೂ ತೊಂದರೆಯಿದೆಯೇ?’ ಎಂದು ಕೇಳಿದರೆ ನಮ್ಮ ಬರವಣಿಗೆಯು ಸಾರ್ಥಕವಾಯಿತೆಂದು ತಿಳಿಯುತ್ತೇವೆ.