ಬಿದ್ದ ಗಾಡಿಯನ್ನು ನೋಡದೆ ಓಡಿಸಬೇಡಿ: ಆಕ್ಷೇಪಗಳಿಗೆ ಉತ್ತರ

ನಿಧಾನಕ್ಕೆ ಹೋಗುವಾಗ ಬಿದ್ದ ಬೈಕನ್ನೂ ಹತ್ತು ನಿಮಿಷ ನಿಲ್ಲಿಸಿ ನೋಡದೆ ಮತ್ತೆ ಓಡಿಸಬಾರದು. ಬ್ರೇಕು, ಹ್ಯಾಂಡಲ್, ಆಕ್ಸಿಲರೇಟರಿಗೆ ಪೆಟ್ಟಾಗಿದ್ದರೆ ಅಂದೇ ಸರಿಮಾಡಿಸಬೇಕು. ಗೀರು, ಡೆಂಟುಗಳನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಜ್ಞಾನಭಾರತಿ ಸುತ್ತಮುತ್ತ ಗಾಡಿ ಓಡಿಸುವವರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟೇ. ಇದನ್ನು ಕೆಲವರು ಅತಿ ಭಯ ಎನ್ನುತ್ತಾರೆ, ಕೆಲವರು ಜಿಪುಣತನ ಎನ್ನುತ್ತಾರೆ. ಇಬ್ಬರಿಗೂ ಉತ್ತರ ಕೊಡಲೇಬೇಕು. ಅವರ ಮಾತು ನಂಬಿ ಗಾಡಿ ಹತ್ತುವವರು ನಮ್ಮ ಮಕ್ಕಳೇ.

ಮೊದಲ ಆಕ್ಷೇಪ: "ಇಪ್ಪತ್ತರ ಸ್ಪೀಡಲ್ಲಿ ಬಿದ್ದರೆ ಏನಾಗುತ್ತೆ? ಎತ್ಕೊಂಡು ಹೊರಡೋದು." ಸ್ಟ್ಯಾಂಡಿನಿಂದ ಉರುಳಿದ ಗಾಡಿಯ ಸ್ಪೀಡು ಸೊನ್ನೆ. ಆದರೂ ಅದರ ಲಿವರ್ ಬಗ್ಗುತ್ತದೆ, ಕನ್ನಡಿ ಒಡೆಯುತ್ತದೆ. ಇಂಥ ಬೀಳುವಿಕೆಯಲ್ಲಿ ಪೆಟ್ಟು ಕೊಡುವುದು ಗಾಡಿಯ ತೂಕ. ನೂರು ಕಿಲೋ ಮೀರಿದ ಭಾರವೆಲ್ಲ ಹ್ಯಾಂಡಲ್ ತುದಿ, ಲಿವರ್, ಫುಟ್‌ರೆಸ್ಟ್ ಎಂಬ ಮೂರು ಬಿಂದುಗಳ ಮೇಲೆ ಬರುತ್ತದೆ. ಗಾಡಿಯನ್ನು ಹಿಡಿತದಲ್ಲಿಡುವ ಭಾಗಗಳು ಇರುವುದೂ ಅಲ್ಲೇ. ಬಲಕ್ಕೆ ಬಿದ್ದರೆ ಹ್ಯಾಂಡಲ್ ತುದಿ ಒಳಕ್ಕೆ ಒತ್ತಿಕೊಂಡು ಆಕ್ಸಿಲರೇಟರ್ ಗ್ರಿಪ್ ಸಿಕ್ಕಿಕೊಳ್ಳಬಹುದು. ತಿರುವಿದರೆ ತಿರುಗುತ್ತದೆ, ಬಿಟ್ಟರೆ ವಾಪಸು ಬರುವುದಿಲ್ಲ. ಸ್ಟಾರ್ಟ್ ಮಾಡಿದ ಮೇಲೆ ಇದು ಗೊತ್ತಾದರೆ ತಡವಾಯಿತು. ಆದ್ದರಿಂದ ಇಂಜಿನ್ ಆಫ್ ಇರುವಾಗಲೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ನೇರಕ್ಕೆ ಇಟ್ಟು ಮೂರು ಸಲ ಗ್ರಿಪ್ ತಿರುವಿ ಬಿಡಿ. ಮೂರೂ ಸಲ ಟಕ್ಕನೆ ವಾಪಸಾಗಬೇಕು.

ಬ್ರೇಕ್ ಪೆಡಲ್ ಕೂಡ ಬಲಗಡೆಯೇ ಇದೆ. ಅದು ಸ್ವಲ್ಪ ಬಗ್ಗಿ ಕವರಿಗೆ ತಾಗಿಕೊಂಡರೆ ಹಿಂದಿನ ಬ್ರೇಕು ಹಿಡಿದುಕೊಂಡೇ ಇರುತ್ತದೆ, ಇಲ್ಲವೇ ತುಳಿದಾಗ ಪೂರ್ತಿ ಹಿಡಿಯುವುದಿಲ್ಲ. ಎಡಕ್ಕೆ ಬಿದ್ದಾಗ ಗೇರ್ ಲಿವರ್ ಬಗ್ಗುತ್ತದೆ, ಮ್ಯಾಗ್ನೆಟ್ ಕವರಿಗೆ ಪೆಟ್ಟಾಗುತ್ತದೆ. ಬಲಕ್ಕಾದರೆ ಕ್ಲಚ್ ಕವರ್. ಕವರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆಯಿಲ್ ಸೋರುತ್ತದೆ. ಅದನ್ನು ಗಮನಿಸದೆ ಮೈಸೂರು ರಸ್ತೆ ಹಿಡಿದು ಬಿಡದಿವರೆಗೆ ಹೋದವರ ಇಂಜಿನ್ ಸೀಜ್ ಆದರೆ ಖರ್ಚು ಸಾವಿರಗಳಲ್ಲಿ ಬರುತ್ತದೆ. ಇನ್ನೊಂದು ಮಾತು: ಈಗಿನ ಅನೇಕ ಇಂಜೆಕ್ಷನ್ ಗಾಡಿಗಳಲ್ಲಿ ಬಿದ್ದ ತಕ್ಷಣ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಎತ್ತಿ ನಿಲ್ಲಿಸಿ, ಪೆಟ್ರೋಲು ಸೋರುತ್ತಿಲ್ಲ ಎಂದು ನೋಡಿಕೊಂಡು, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದು ತಿಳಿಯದೆ ಗಾಬರಿಯಲ್ಲಿ ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಇಳಿಸಿಕೊಳ್ಳುವವರು ಬಹಳ ಜನ.

"ಲಿವರ್ ಬಗ್ಗಿದರೆ ಒಂದು ಪೈಪ್ ತೂರಿಸಿ ನೆಟ್ಟಗೆ ಮಾಡಿದರಾಯ್ತು, ಹೊಸದು ಯಾಕೆ?" ಇದನ್ನು ನಾನು ಒಪ್ಪುವುದೇ ಇಲ್ಲ. ಲಿವರ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಒಮ್ಮೆ ಬಗ್ಗಿದ್ದನ್ನು ಎದುರು ದಿಕ್ಕಿಗೆ ಬಗ್ಗಿಸಿದರೆ ಮಡಿಕೆಯ ಜಾಗ ದುರ್ಬಲವಾಗುತ್ತದೆ. ನೆಟ್ಟಗೆ ಮಾಡಿದ ಲಿವರನ್ನು ಬಿಸಿಲಿಗೆ ಹಿಡಿದು ನೋಡಿ. ಮಡಿಕೆಯ ಹೊರಬದಿಯಲ್ಲಿ ಬಣ್ಣ ಎದ್ದು, ಸಣ್ಣ ಬಿಳಿ ಗೆರೆಗಳು ಅಡ್ಡಡ್ಡ ಕಾಣುತ್ತವೆ. ಬಿರುಕು ಶುರುವಾಗುವುದು ಅಲ್ಲಿಂದಲೇ. ಮೆಲ್ಲಗೆ ಹಿಡಿದಾಗ ಅದು ತಡೆದುಕೊಳ್ಳುತ್ತದೆ. ಮುರಿಯುವುದು ಜೀವ ಉಳಿಸಿಕೊಳ್ಳಲು ಗಟ್ಟಿಯಾಗಿ ಅದುಮಿದ ಗಳಿಗೆಯಲ್ಲಿ.

ಈ ಮಾತಿಗೆ ನಮ್ಮ ಜಾಗದಲ್ಲಿ ವಿಶೇಷ ತೂಕವಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ ರಸ್ತೆ ಮೈಸೂರು ರಸ್ತೆಯಿಂದ ನಾಗರಬಾವಿ, ಮಲ್ಲತ್ತಹಳ್ಳಿ ಕಡೆ ಹೋಗುವವರಿಗೆ ಒಳದಾರಿ. ತರಗೆಲೆ, ಮರಳು, ಹಂಪು, ಮೊದಲ ಮಳೆಯ ಜಾರಿಕೆ ಎಲ್ಲ ಇರುವ ಆ ದಾರಿಯಲ್ಲೇ ವಿದ್ಯಾರ್ಥಿಗಳು ನಡೆದು ಹೋಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಇದೇ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬರು ಬಿಎಂಟಿಸಿ ಬಸ್ಸಿಗೆ ಸಿಕ್ಕಿ ತೀವ್ರ ಗಾಯಗೊಂಡು ತೀರಿಕೊಂಡರು. ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದರು. ಅಂಥ ರಸ್ತೆಯಲ್ಲಿ ಬಿರುಕುಬಿಟ್ಟ ಬ್ರೇಕ್ ಲಿವರ್ ಹಿಡಿದು ಹೋಗುವವನು ತನ್ನ ಜೀವವನ್ನಷ್ಟೇ ಪಣಕ್ಕಿಡುತ್ತಿಲ್ಲ.

ಹ್ಯಾಂಡಲ್ ವಿಷಯದಲ್ಲಿ ಮೆಕ್ಯಾನಿಕ್ ಗೆಳೆಯರೇ ತಕರಾರು ತೆಗೆದಿದ್ದಾರೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ಎಳೆದರೆ ಸರಿಹೋಗುತ್ತದೆ, ಎಷ್ಟೋ ಗಾಡಿಗೆ ಮಾಡಿದ್ದೇವೆ ಎನ್ನುತ್ತಾರೆ. ಅರ್ಧ ನಿಜ. ಫೋರ್ಕ್ ನಳಿಗೆಗಳು ಕ್ಲಾಂಪಿನೊಳಗೆ ತಿರುಚಿಕೊಂಡಿದ್ದರೆ ಎಳೆದಾಗ ನೇರಕ್ಕೆ ಬಂದಂತೆ ಕಾಣುತ್ತದೆ, ಗ್ಯಾರೇಜಿನವರೆಗೆ ಮೆಲ್ಲಗೆ ಹೋಗಲು ಅಷ್ಟು ಸಾಕು. ಆದರೆ ಬೋಲ್ಟುಗಳನ್ನು ಸಡಿಲಿಸಿ, ಫೋರ್ಕನ್ನು ನಾಲ್ಕು ಸಲ ಒತ್ತಿ ಬಿಟ್ಟು, ಮತ್ತೆ ಬಿಗಿ ಮಾಡಿದರೆ ಮಾತ್ರ ಕೆಲಸ ಮುಗಿದಂತೆ. ಹ್ಯಾಂಡಲ್ ರಾಡೇ ಬಗ್ಗಿದ್ದರೆ, ಫೋರ್ಕ್ ನಳಿಗೆಯೇ ಬೆಂಡಾಗಿದ್ದರೆ ಎಳೆದು ಪ್ರಯೋಜನವಿಲ್ಲ. ಫೋರ್ಕಿನ ಸಣ್ಣ ಬೆಂಡನ್ನು ಪ್ರೆಸ್‌ನಲ್ಲಿ ಅಳೆದು ತೆಗೆಯುವ ಒಳ್ಳೆಯ ಕೈಗಳು ಈ ಊರಿನಲ್ಲಿವೆ, ಅವರ ಕಸುಬಿಗೆ ನನ್ನ ಗೌರವವಿದೆ. ಮಡಿಕೆ ಬಿದ್ದ ನಳಿಗೆಯನ್ನು ಮಾತ್ರ ಅವರೂ ಮುಟ್ಟಬಾರದು.

ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ತಲೆ ಒಳಗಿದ್ದಾಗ ನೆಲಕ್ಕೆ ಬಡಿದಿದ್ದರೆ ಬದಲಿಸಿ. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅದುಮಿಕೊಂಡರೆ ಮತ್ತೆ ಉಬ್ಬುವುದಿಲ್ಲ. ಹೊರಗೆ ಒಂದು ಗೀರಷ್ಟೇ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಸೀಟಿನ ಮೇಲಿಂದ ಖಾಲಿ ಹೆಲ್ಮೆಟ್ ಉರುಳಿದ್ದಕ್ಕೆ ಅಷ್ಟು ಚಿಂತೆ ಬೇಕಿಲ್ಲ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್‌ನಿಂದಲೇ ನಿಷಿದ್ಧ, ಹೊಸದು ಕೊಳ್ಳುವಾಗ ಅದನ್ನು ನೋಡಿ.

ಇನ್ನು ನನ್ನನ್ನು ಜಿಪುಣ ಎನ್ನುವವರು. "ಇನ್ಶೂರೆನ್ಸ್ ಇರೋದೇ ಅದಕ್ಕಲ್ವಾ? ಎಲ್ಲಾ ಹೊಸದು ಹಾಕಿಸಿ" ಎಂಬುದು ಅವರ ವಾದ. ಮೊದಲು ಪಾಲಿಸಿ ತೆಗೆದು ಓದಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. "ಐದು ವರ್ಷದ ಇನ್ಶೂರೆನ್ಸ್ ಇದೆ" ಎಂದು ನಿಶ್ಚಿಂತರಾಗಿರುವ ಎಷ್ಟೋ ಜನರ ಬಳಿ ಇರುವುದು ಅದೊಂದೇ. ಅದು ನಿಮ್ಮಿಂದ ಇನ್ನೊಬ್ಬರಿಗೆ ಆದ ಹಾನಿಗೆ. ಸ್ವಂತ ಗಾಡಿಯ ಹಾನಿಗೆ ಬೇಕಾದ ಓನ್ ಡ್ಯಾಮೇಜ್ ಭಾಗ ಒಂದೇ ವರ್ಷಕ್ಕೆ ಮುಗಿದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ.

ಆ ಭಾಗ ಚಾಲ್ತಿಯಲ್ಲಿದ್ದರೂ ಪೂರ್ತಿ ಬಿಲ್ಲು ಸಿಗದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿಯೆಂದು ಶೇ. 50 ಕಡಿತವಾಗುತ್ತದೆ. ಸಣ್ಣ ಬೀಳುವಿಕೆಯಲ್ಲಿ ಒಡೆಯುವ ಡೂಮ್, ಇಂಡಿಕೇಟರ್, ಮಡ್‌ಗಾರ್ಡ್ ಬಹುತೇಕ ಪ್ಲಾಸ್ಟಿಕ್ಕೇ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಮೂರರಿಂದ ನಾಲ್ಕು ವರ್ಷದ ಗಾಡಿಯಾದರೆ ಶೇ. 25. ಜೀರೋ ಡೆಪ್ ತೆಗೆದುಕೊಂಡವರಿಗೆ ಮಾತ್ರ ಈ ಕಡಿತವಿಲ್ಲ.

ಆಮೇಲೆ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ವರ್ಷಗಳಿಗೆ ಅದು ಶೇ. 20, 25, 35, 45, 50 ಎಂದು ಏರುತ್ತದೆ. ಶೇ. 50ಕ್ಕೆ ಮುಟ್ಟಿದವರು ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿದು, ಮತ್ತೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಐದು ವರ್ಷಗಳಲ್ಲಿ ತಪ್ಪಿಹೋಗುವ ರಿಯಾಯಿತಿ 50, 30, 25, 15, 5, ಕೂಡಿದರೆ 125. ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ ₹1,000 ಎಂದಿಟ್ಟುಕೊಂಡರೆ ನಷ್ಟ ₹1,250. ಕನ್ನಡಿ, ಇಂಡಿಕೇಟರ್ ಸೇರಿ ₹600 ಆಗುವ ಕೆಲಸಕ್ಕೆ ಕ್ಲೇಮ್ ಮಾಡುವುದು ಸರಿಯೇ, ನೀವೇ ಹೇಳಿ. "ಕ್ಲೇಮೇ ಮಾಡಬೇಡಿ, ಬೋನಸ್ ಹೋಗುತ್ತೆ" ಎನ್ನುವವರಿಗೂ ಇದೇ ಲೆಕ್ಕ ಉತ್ತರ. ಕಡಿತ ಕಳೆದು ₹4,000 ಕೈಗೆ ಬರುವುದಾದರೆ ಧಾರಾಳವಾಗಿ ಮಾಡಿ. ಆದರೆ ಗಾಡಿ ಬಿಚ್ಚಿಸುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ. ರಿಪೇರಿ ಮಾಡಿಸಿಬಿಟ್ಟ ಮೇಲೆ ಸರ್ವೇಯರ್ ನೋಡಲು ಏನೂ ಉಳಿದಿರುವುದಿಲ್ಲ.

"ಲೆಗ್‌ಗಾರ್ಡ್ ಇದೆ, ನಮಗೆ ಇದ್ಯಾವುದೂ ಬೇಡ" ಎನ್ನುವವರಿಗೆ ಒಂದೇ ಮಾತು. ಪೆಟ್ಟನ್ನು ತಾನು ತೆಗೆದುಕೊಂಡ ಗಾರ್ಡ್ ಅದನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳಿಗೆ ದಾಟಿಸುತ್ತದೆ. ಆ ಬೋಲ್ಟು, ಆ ವೆಲ್ಡಿಂಗ್ ಜಾಗವನ್ನು ಬಗ್ಗಿ ನೋಡಿ.

ಕೊನೆಯದು ವಿದ್ಯಾರ್ಥಿಗಳ ಮಾತು, ನನ್ನ ಮನಸ್ಸಿಗೆ ನಾಟಿದ್ದೂ ಇದೊಂದೇ: "ಸಾರ್, ಪಿಜಿ ಬಾಡಿಗೆ ಕಟ್ಟೋದೇ ಕಷ್ಟ, ಗಾಡಿಗೆ ಎಲ್ಲಿಂದ ದುಡ್ಡು ತರೋದು?" ನಿಮಗಾಗಿಯೇ ಗೀರು, ಡೆಂಟು ಬಿಟ್ಟುಬಿಡಿ ಎಂದದ್ದು. ಟ್ಯಾಂಕಿನ ಬಣ್ಣ ಹೋಗಿ ಕಬ್ಬಿಣ ಕಂಡರೆ ತುಕ್ಕು ಹಿಡಿಯದಂತೆ ಸ್ವಲ್ಪ ಟಚಪ್ ಬಣ್ಣ ಹಚ್ಚಿ, ಸಾಕು. ಸಾಮಾನ್ಯ ನೂರು ಸಿಸಿ ಗಾಡಿಯ ಬ್ರೇಕ್ ಲಿವರಿಗೆ ಒಂದು ಫುಲ್ ಟ್ಯಾಂಕ್ ಪೆಟ್ರೋಲಿನಷ್ಟೂ ಬೆಲೆಯಿಲ್ಲ. ಅದಕ್ಕೆ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಗಿಲ್ಲ, ನಾಗರಬಾವಿಯಲ್ಲೋ ಕೆಂಗೇರಿಯಲ್ಲೋ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದು ಕೈಗೆ ಬರುವವರೆಗೆ ಗಾಡಿಯನ್ನು ರೂಮಿನ ಹತ್ತಿರ ನಿಲ್ಲಿಸಿ. ಕಾಲೇಜಿಗೆ ಜ್ಞಾನಭಾರತಿ ಸ್ಟೇಷನ್ನಿನವರೆಗೆ 2021ರಿಂದ ಮೆಟ್ರೋ ಇದೆ.