ಸತ್ತ ಮೇಲೆ ಸಿಕ್ಕ ಲಾಂಛನ

ಯಮನೂರಿನ ಎರಿ ಹೊಲದಲ್ಲಿ ಕುಂಟೆ ಹೊಡೆಯುವಾಗ ನಾಲಿಗೆಯ ಬದಿಯನ್ನು ದವಡೆಗೆ ಒತ್ತಿ ಬಿಟ್ಟರೆ ಸಾಕು, ‘ಟ್ಲಕ್’ ಅನ್ನುತ್ತದೆ, ಎತ್ತು ಹೆಜ್ಜೆ ಹಾಕುತ್ತದೆ. ಪಾಪ ಅನ್ನಿಸಿದಾಗ ಲೊಚಗುಟ್ಟುತ್ತೇವೆ. ನಮ್ಮಲ್ಲಿ ಈ ಸದ್ದುಗಳು ಮಾತಿನ ಹೊರಗೇ ಉಳಿದವು. ದಕ್ಷಿಣ ಆಫ್ರಿಕಾದ ಕ್ಸಾಮ್ ಜನರಿಗೆ ಇವೇ ವ್ಯಂಜನಗಳಾಗಿದ್ದವು.

ಆ ಭಾಷೆ ಆಡುವವರು ಈಗ ಯಾರೂ ಇಲ್ಲ. ಕೇಪ್‌ಟೌನ್‌ನಲ್ಲಿ ವಿಲ್ಹೆಲ್ಮ್ ಬ್ಲೀಕ್ ಎಂಬ ಜರ್ಮನ್ ಪಂಡಿತ ಮತ್ತು ಅವನ ನಾದಿನಿ ಲೂಸಿ ಲಾಯ್ಡ್, 1870ರಿಂದ ಕ್ಸಾಮ್ ಕೈದಿಗಳನ್ನು ಜೈಲಿನಿಂದ ಮನೆಗೆ ಕರೆತಂದು ಅವರ ಕಥೆಗಳನ್ನು ಬರೆದುಕೊಂಡರು. ಕಳವಿನ ಆರೋಪದ ಮೇಲೆ ಒಳಗೆ ಬಿದ್ದಿದ್ದ ಕಾಬ್ಬೊ ಎಂಬ ಮುದುಕ, ಶಿಕ್ಷೆ ಮುಗಿದರೂ ಊರಿಗೆ ಹೋಗದೆ ಕೂತು ಹೇಳಿಕೊಟ್ಟ. ಅವನಿಗೆ ಒಂದು ಬಂದೂಕಿನ ಆಸೆಯಿತ್ತಂತೆ. ತಪ್ಪೇನು, ಕಲಿಸಿದವನಿಗೂ ಏನಾದರೂ ಸಿಗಬೇಕಲ್ಲ! 1875ರಲ್ಲಿ ಬ್ಲೀಕ್ ತೀರಿಕೊಂಡ ಮೇಲೂ ಲಾಯ್ಡ್ ಕೆಲಸ ಬಿಡಲಿಲ್ಲ. ಆ ಕಥೆಗಳ ಪುಸ್ತಕ ಅಚ್ಚಾಗುವಷ್ಟರಲ್ಲಿ 1911 ಬಂದಿತ್ತು. 2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಲಾಂಛನದ ಧ್ಯೇಯವಾಕ್ಯವನ್ನು ಇದೇ ಭಾಷೆಯಲ್ಲಿ ಬರೆಸಿತು. ಆಡುವವರಿದ್ದಾಗ ಜೈಲು, ಇಲ್ಲವಾದ ಮೇಲೆ ಲಾಂಛನ.

ಆಫ್ರಿಕಾ ಮೂಲದವರು ನಮ್ಮಲ್ಲೂ ಇದ್ದಾರೆ: ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿ. ಇವರು ಕ್ಸಾಮ್ ಬಳಗದವರಲ್ಲ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದ್ದು ಆಫ್ರಿಕಾದ ಬಾಂಟು ಜನರ ನಂಟನ್ನು. ರಕ್ತ ಅಷ್ಟು ಹೇಳುತ್ತದೆ, ನಾಲಿಗೆ ಹೇಳುವುದಿಲ್ಲ. ಇಂದು ಅವರ ಬಾಯಲ್ಲಿರುವುದು ಕೊಂಕಣಿ, ಮರಾಠಿ, ಕನ್ನಡ. ಹಡಗಿನಿಂದ ಇಳಿದ ಹಿರಿಯರ ಮಾತನ್ನು ಕೇಳಿ ಬರೆದಿಡಲು ಅವರಿಗೊಬ್ಬಳು ಲಾಯ್ಡ್ ಸಿಗಲಿಲ್ಲ.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ನಮ್ಮ ಧಾರವಾಡದವರೂ ಬೆಳಗಾವಿಯವರೂ 2020ರವರೆಗೆ ಕಾಯಬೇಕಾಯಿತು. ಕಾಡು ಒಂದೇ, ಜನ ಒಂದೇ, ನಡುವೆ ಜಿಲ್ಲೆಯ ಗಡಿ. ಪಟ್ಟಿ ಸೇರಿದ್ದು ಒಳ್ಳೆಯದೇ ಆಯಿತು. ನನಗೆ ಹಿಡಿಸದಿರುವುದು ನಮ್ಮ ಉತ್ಸವಗಳ ರೀತಿ: ಸಿದ್ದಿಗಳನ್ನು ಅವರ ಡಮಾಮಿ ಕುಣಿತಕ್ಕೆ ಕರೆಸುತ್ತೇವೆ, ಶಾಲು ಹೊದಿಸುತ್ತೇವೆ, ಫೋಟೊ ತೆಗೆದು ಕಳಿಸಿಬಿಡುತ್ತೇವೆ. ಹಾಡಿದ ಅಜ್ಜಿಯ ಪಕ್ಕ ಕೂತು, ಇದು ಯಾರಿಂದ ಬಂತವ್ವಾ ಎಂದು ಕೇಳುವಷ್ಟು ಪುರುಸೊತ್ತು ವೇದಿಕೆಯ ಮೇಲಿನವರಿಗೆಲ್ಲಿ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಕಲಘಟಗಿ ದೂರವೇನಲ್ಲ. ವಿದ್ಯಾರ್ಥಿಗಳು ಒಂದು ಮಳೆಗಾಲ ಅಲ್ಲಿದ್ದು, ಹಾಡು, ಗಾದೆ, ಬೈಗುಳ, ಗಿಡಮರದ ಹೆಸರು, ಎಲ್ಲವನ್ನೂ ಮೊಬೈಲಿನಲ್ಲೇ ಮುದ್ರಿಸಿಕೊಳ್ಳಲಿ. ಹೇಳಿಕೊಟ್ಟವರಿಗೆ ದಿನಗೂಲಿ ಸಲ್ಲಲಿ, ಶಾಲು ಬೇಡ. ಮುದ್ರಿಕೆಯ ಒಂದು ಪ್ರತಿ ಆ ಊರಿನ ಶಾಲೆಯಲ್ಲೇ ಇರಲಿ, ಮಕ್ಕಳ ಕೈಗೆ ಸಿಗುವ ಹಾಗೆ.